ಡಿಪ್ಲೊಮಾ ಮೆಕ್ಯಾನಿಕಲ್, ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸ: ರೆಸ್ಯೂಮೆಯಲ್ಲಿ ಏನಿರಬೇಕು, ಪ್ರಾಕ್ಟಿಕಲ್‌ನಲ್ಲಿ ಏನು ನೋಡ್ತಾರೆ?

ಗೋಕುಲ್‌ರೋಡ್

ನಮಸ್ಕಾರ್ರಿ ಎಲ್ಲಾರಿಗೂ. ಡಿಪ್ಲೊಮಾ ಮೆಕ್ಯಾನಿಕಲ್ ಆಗೇತಿ. ಹುಬ್ಬಳ್ಳ್ಯಾಗ ಒಂದು ಸಣ್ಣ ಟರ್ನಿಂಗ್ ಶಾಪ್‌ನಾಗ 10 ತಿಂಗಳಿಂದ ಇನ್‌ಪ್ರೋಸೆಸ್ ಇನ್‌ಸ್ಪೆಕ್ಷನ್ (ಪೀಸ್ ತಯಾರಾಗೂವಾಗ ನಡುನಡುವ ಅಳದು ನೋಡೂದು) ಮಾಡಾಕತ್ತೀನಿ. ಪೀಣ್ಯ, ಬೊಮ್ಮಸಂದ್ರ ಕಡೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕ ಆ್ಯಪ್‌ಗಳಾಗ ಅರ್ಜಿ ಹಾಕೀನಿ. ಕರೆ ಬರೂದು ಭಾಳ ಕಮ್ಮಿ. ಕರದ್ರೂ ಪ್ರಾಕ್ಟಿಕಲ್‌ನಾಗ ಕೈ ಬಿಡ್ತಾರ.

ರೆಸ್ಯೂಮೆ ಹಿಂಗೈತಿ: ಮೊದಲು ಕರಿಯರ್ ಆಬ್ಜೆಕ್ಟಿವ್ ನಾಕು ಸಾಲು, ಆಮೇಲೆ ಓದು, ಆಮೇಲೆ "ಕಾಂಪೊನೆಂಟ್‌ಗಳ ಕ್ವಾಲಿಟಿ ಚೆಕ್ಕಿಂಗ್ ಜವಾಬ್ದಾರಿ" ಅಂತ ಒಂದೇ ಸಾಲು ಅನುಭವ, ಆಮೇಲೆ ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಕ್ಯಾಟಿಯಾ, ಎಂಎಸ್ ಆಫೀಸ್, ಹಾಬಿ, ಡಿಕ್ಲರೇಶನ್, ಸಹಿ. ಎರಡು ಪುಟ.

ಏನು ತಗೀಬೇಕು, ಏನು ಸೇರಿಸಬೇಕು? ಪ್ರಾಕ್ಟಿಕಲ್‌ನಾಗ ಅವರು ನೋಡೂದರ ಏನು? ಇಂಗ್ಲಿಷ್ ಸ್ವಲ್ಪ ವೀಕ್ ಐತಿ, ಅದಕ್ಕೇನು ಮಾಡ್ಬೇಕು? ತಿಳಿದವರು ಬಿಡಿಸಿ ಹೇಳ್ರಿ.

ಇನ್‌ವರ್ಡ್ ಮೇಜು

ಮೊದಲು ಅನುಭವದ ಆ ಒಂದು ಸಾಲನ್ನ ನೋಡೋಣ, ನಿಮ್ಮ ರೆಸ್ಯೂಮೆ ಸೋಲ್ತಿರೋದು ಅಲ್ಲೇ. "ಕ್ವಾಲಿಟಿ ಚೆಕ್ಕಿಂಗ್ ಜವಾಬ್ದಾರಿ" ಅಂತ ಓದಿದ ಕ್ವಾಲಿಟಿ ಹೆಡ್‌ಗೆ ನೀವು ಬೋಲ್ಟ್ ಎಣಿಸ್ತಿದ್ರೋ, ಬೇರಿಂಗ್ ಸೀಟ್ ಅಳೀತಿದ್ರೋ ಗೊತ್ತಾಗಲ್ಲ. ಅವರಿಗೆ ನಾಲ್ಕು ವಿಷಯ ಬೇಕು: ಯಾವ ತರಹದ ಜಾಬ್ (ಮಶಿನ್‌ನಲ್ಲಿ ತಯಾರಾಗೋ ಪೀಸ್), ಯಾವ ಸೈಜ್, ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚು ಕಡಿಮೆ ನಡೆಯುತ್ತೆ), ಯಾವ ಉಪಕರಣ. ರೆಸ್ಯೂಮೆ ಇಂಗ್ಲಿಷಿನಲ್ಲೇ ಇರಲಿ. ಇಲ್ಲಿ ಅರ್ಥಕ್ಕೆ ಕನ್ನಡದಲ್ಲಿ ಬರೀತೀನಿ:

"ಸಿಎನ್‌ಸಿ ಟರ್ನಿಂಗ್ ಜಾಬ್‌ಗಳ (ಶಾಫ್ಟ್, ಬುಷ್, ಸ್ಪೇಸರ್, ವ್ಯಾಸ 12ರಿಂದ 60 ಮಿ.ಮೀ.) ಫಸ್ಟ್ ಪೀಸ್ ಅಪ್ರೂವಲ್ ಮತ್ತು ಗಂಟೆಗೊಮ್ಮೆ ಇನ್‌ಪ್ರೋಸೆಸ್ ಪರಿಶೀಲನೆ. 4 ಮಶಿನ್, ಒಂದು ಶಿಫ್ಟ್. ಅತಿ ಬಿಗಿಯಾದ ಟಾಲರೆನ್ಸ್: ಹೊರ ವ್ಯಾಸ ±0.015."

ಸಂಖ್ಯೆಗಳು ನನ್ನ ಊಹೆ. ನಿಮ್ಮ ಶಾಪ್‌ನ ನಿಜವಾದ ಸಂಖ್ಯೆ ಹಾಕಿ.

ಅದರ ಕೆಳಗೆ ಉಪಕರಣಗಳು. "ಮೆಶರಿಂಗ್ ಇನ್‌ಸ್ಟ್ರುಮೆಂಟ್ಸ್ ಗೊತ್ತು" ಅಂತಲ್ಲ. ಒಂದೊಂದಕ್ಕೂ ರೇಂಜ್ ಮತ್ತು ಲೀಸ್ಟ್ ಕೌಂಟ್ (ಓದಬಲ್ಲ ಅತಿ ಸಣ್ಣ ಅಳತೆ) ಸಮೇತ. ವರ್ನಿಯರ್ 0–150, 0.02. ಔಟ್‌ಸೈಡ್ ಮೈಕ್ರೋಮೀಟರ್ 0–25 ಮತ್ತು 25–50, 0.01. ಹೈಟ್ ಗೇಜ್, ಪ್ಲಂಜರ್ ಡಯಲ್, ಬೋರ್ ಡಯಲ್, ಪ್ಲಗ್ ಗೇಜ್, ಥ್ರೆಡ್ ಗೇಜ್. ಕೈಯಲ್ಲಿ ಹಿಡಿದು ಅಳೆದಿದ್ದು ಮಾತ್ರ. ಸಿಎಂಎಂ (ಪ್ರೋಬ್‌ನಿಂದ ಮುಟ್ಟಿ ಅಳೆಯೋ ಮಶಿನ್) ರೂಮಿನ ಗಾಜಿನಾಚೆ ನಿಂತು ನೋಡಿದ್ದನ್ನ "ಸಿಎಂಎಂ ಅನುಭವ" ಅಂತ ಬರೆದರೆ, "ಪ್ರೋಬ್ ಕ್ವಾಲಿಫಿಕೇಶನ್ ಯಾಕೆ ಮಾಡ್ತಾರೆ?" ಅನ್ನೋ ಒಂದೇ ಪ್ರಶ್ನೆಗೆ ಬಣ್ಣ ಬಯಲಾಗುತ್ತೆ. ಆಮೇಲೆ ನಿಮ್ಮ ಮೈಕ್ರೋಮೀಟರ್ ಸಾಲನ್ನೂ ಯಾರೂ ನಂಬಲ್ಲ.

ಕ್ಯಾಟಿಯಾ, ಸಾಲಿಡ್‌ವರ್ಕ್ಸ್ ಇನ್‌ಸ್ಪೆಕ್ಟರ್ ಕೆಲಸಕ್ಕೆ ಬೇಡ. ಇದ್ದರೆ ಉಲ್ಟಾ ಹೊಡೆಯುತ್ತೆ: ಈ ಹುಡುಗನ ಕಣ್ಣು ಡಿಸೈನ್ ಮೇಲಿದೆ, ಆರು ತಿಂಗಳಲ್ಲಿ ಹೋಗ್ತಾನೆ ಅನ್ನೋ ಅನುಮಾನ ಬರುತ್ತೆ. ಎಕ್ಸೆಲ್ ಇರಲಿ, ಅದರಲ್ಲಿ ಏನು ಮಾಡಬಲ್ಲಿರಿ ಅನ್ನೋದರ ಸಮೇತ. ರಿಜೆಕ್ಷನ್ ದಾಖಲೆಯಿಂದ ಪ್ಯಾರೆಟೊ ಚಾರ್ಟ್ (ದೋಷಗಳನ್ನ ಹೆಚ್ಚಿಂದ ಕಡಿಮೆಗೆ ಜೋಡಿಸಿದ್ದು) ತೆಗೆಯೋಕೆ ಬಂದರೆ ಅದನ್ನೇ ಬರೀರಿ. "ಸೆವೆನ್ ಕ್ಯೂಸಿ ಟೂಲ್ಸ್" ಅಂತ ಬರೆದು ಏಳರ ಹೆಸರೂ ನೆನಪಿಲ್ಲದವರೇ ಜಾಸ್ತಿ.

ಕರಿಯರ್ ಆಬ್ಜೆಕ್ಟಿವ್, ಹಾಬಿ, ಡಿಕ್ಲರೇಶನ್, ತಂದೆ ಹೆಸರು, ಧರ್ಮ, ಫೋಟೊ ಎಲ್ಲ ತೆಗೀರಿ. "ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್" ಅಂತಿಲ್ಲದ ರೆಸ್ಯೂಮೆ ಇನ್ನೂ ಹುಟ್ಟಿಲ್ಲ, ಹಾಗಾಗಿ ಅದನ್ನ ಯಾರೂ ಓದೋದೂ ಇಲ್ಲ. ಆ ಜಾಗದಲ್ಲಿ, ಹೆಸರಿನ ಕೆಳಗೇ, ಒಂದು ಸಾಲು: ಡಿಪ್ಲೊಮಾ ಮೆಕ್ಯಾನಿಕಲ್, 10 ತಿಂಗಳು ಇನ್‌ಪ್ರೋಸೆಸ್ ಇನ್‌ಸ್ಪೆಕ್ಷನ್, ಮೂರೂ ಶಿಫ್ಟ್‌ಗೆ ಸಿದ್ಧ, ಇಷ್ಟು ದಿನದಲ್ಲಿ ಸೇರಬಲ್ಲೆ. ಒಟ್ಟು ಒಂದೇ ಪುಟ. ಪಿಡಿಎಫ್. ಫೈಲಿನ ಹೆಸರು "ರೆಸ್ಯೂಮೆ ನ್ಯೂ ಫೈನಲ್ 2" ಅಂತಿರಬಾರದು. ನಿಮ್ಮ ಹೆಸರು, ಕ್ವಾಲಿಟಿ, ಡಿಪ್ಲೊಮಾ ಅಂತಿದ್ದರೆ ನಲವತ್ತು ಫೈಲಿನ ಮಧ್ಯೆ ಹುಡುಕಿದಾಗ ಸಿಗುತ್ತೆ.

ಇನ್ನೊಂದು ಮಾತು. ಈಗಿನ ಶಾಪ್‌ನ ಡ್ರಾಯಿಂಗ್ ಫೋಟೊ ತೆಗೆದು ಇಂಟರ್‌ವ್ಯೂನಲ್ಲಿ ತೋರಿಸಬೇಡಿ, ಗ್ರಾಹಕರ ಹೆಸರು ರೆಸ್ಯೂಮೆಯಲ್ಲಿ ಹಾಕಬೇಡಿ. ಡ್ರಾಯಿಂಗ್ ಗ್ರಾಹಕನ ಆಸ್ತಿ. ಅವರದನ್ನ ಇವರಿಗೆ ತೋರಿಸಿದವನು ನಾಳೆ ಇವರದನ್ನ ಇನ್ನೊಬ್ಬರಿಗೆ ತೋರಿಸ್ತಾನೆ ಅಂತಲೇ ಲೆಕ್ಕ.

ಗೇಟ್‌ಪಾಸ್

ರೆಸ್ಯೂಮೆ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಅದು ಸರಿಯಾದವರ ಕಣ್ಣಿಗೆ ಬೀಳೋದು ಹೇಗೆ ಅಂತ ನಾನು ಸೇರಿಸ್ತೀನಿ.

ಆ್ಯಪ್‌ನಲ್ಲಿ ಕಂಪನಿಯವರು ಊರು ಮತ್ತು ಪದ ಹಾಕಿ ಹುಡುಕ್ತಾರೆ. ಪ್ರೊಫೈಲ್‌ನಲ್ಲಿ ಊರು ಹುಬ್ಬಳ್ಳಿ ಅಂತಷ್ಟೇ ಇದ್ದರೆ ಬೆಂಗಳೂರಿನ ಪಟ್ಟಿಗೆ ನೀವು ಬರೋದೇ ಇಲ್ಲ. ಕೆಲಸ ಬೇಕಾದ ಊರು ಅನ್ನೋ ಜಾಗದಲ್ಲಿ ಬೆಂಗಳೂರು ಹಾಕಿ, ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಬಿಡದಿ ಅಂತ ಪ್ರದೇಶಗಳನ್ನೂ ಬರೀರಿ. ಹುದ್ದೆಯ ಹೆಸರು "ಎಂಜಿನಿಯರ್" ಅಂತ ಮಾತ್ರ ಇರಬಾರದು. ಕ್ವಾಲಿಟಿ ಇನ್‌ಸ್ಪೆಕ್ಟರ್, ಇನ್‌ಪ್ರೋಸೆಸ್, ಫೈನಲ್ ಇನ್‌ಸ್ಪೆಕ್ಷನ್, ವರ್ನಿಯರ್, ಮೈಕ್ರೋಮೀಟರ್: ಹುಡುಕುವವರು ಹೊಡೆಯೋ ಪದಗಳು ಇವೇ.

ಪೀಣ್ಯದಲ್ಲಿ ಮೂವತ್ತು, ಐವತ್ತು ಜನರ ಶಾಪ್‌ಗಳೇ ಹೆಚ್ಚು. ಅಂಥ ಕಡೆ ಎಚ್‌ಆರ್ ಅಂತ ಪ್ರತ್ಯೇಕ ಯಾರೂ ಇರಲ್ಲ. ಮಾಲೀಕರೋ, ಕ್ವಾಲಿಟಿ ನೋಡಿಕೊಳ್ಳುವವರೋ ವಾಟ್ಸಾಪ್‌ನಲ್ಲೇ ನೋಡಿ ತೀರ್ಮಾನ ಮಾಡ್ತಾರೆ. "ಹಾಯ್ ಸರ್, ಎನಿ ವೇಕೆನ್ಸಿ" ಅಂತ ಕಳಿಸಿದರೆ ನೀಲಿ ಟಿಕ್ ಬರುತ್ತೆ, ಉತ್ತರ ಬರಲ್ಲ. ಹೀಗೆ ಕಳಿಸಿ:

"ನಮಸ್ಕಾರ ಸರ್. ನಿಮ್ಮಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಬೇಕು ಅನ್ನೋ ಜಾಹೀರಾತು ನೋಡಿ ಬರೀತಿದ್ದೀನಿ. ಡಿಪ್ಲೊಮಾ ಮೆಕ್ಯಾನಿಕಲ್, ಟರ್ನಿಂಗ್ ಶಾಪ್‌ನಲ್ಲಿ 10 ತಿಂಗಳು ಇನ್‌ಪ್ರೋಸೆಸ್ ಇನ್‌ಸ್ಪೆಕ್ಷನ್. ವರ್ನಿಯರ್, ಮೈಕ್ರೋಮೀಟರ್, ಬೋರ್ ಡಯಲ್ ದಿನಾ ಬಳಸ್ತೀನಿ. ಈಗ ಹುಬ್ಬಳ್ಳಿಯಲ್ಲಿದ್ದೀನಿ; ಎರಡು ದಿನ ಮುಂಚೆ ತಿಳಿಸಿದರೆ ಬಂದು ಪ್ರಾಕ್ಟಿಕಲ್ ಕೊಡ್ತೀನಿ. ರೆಸ್ಯೂಮೆ ಜೊತೆಗಿದೆ."

ಕೊನೆಯಲ್ಲಿ ಪ್ರಾಕ್ಟಿಕಲ್ ಕೊಡ್ತೀನಿ ಅಂತ ನೀವೇ ಹೇಳೋದು ಮುಖ್ಯ. ಇಂಟರ್‌ವ್ಯೂ ಅಂದರೆ ಅವರಿಗೆ ಅರ್ಧ ದಿನದ ತಲೆನೋವು. ಮೈಕ್ರೋಮೀಟರ್ ಕೈಗೆ ಕೊಟ್ಟು ಹತ್ತು ನಿಮಿಷ ನೋಡೋದಾದರೆ ಯಾರಾದರೂ ಒಪ್ತಾರೆ. ಫೋನ್ ಮಾಡೋದಿದ್ದರೆ ಶಿಫ್ಟ್ ಶುರುವಾಗುವ, ಬದಲಾಗುವ ಹೊತ್ತು ಬೇಡ. ಮಧ್ಯಾಹ್ನ 3ರ ಸುಮಾರಿಗೆ ಮಾಡಿ.

ಡಿಪ್ಲೊಮಾ ಹುಡುಗರ ವಿಷಯದಲ್ಲಿ ಪ್ರತಿ ಮಾಲೀಕರ ತಲೆಯಲ್ಲೂ ಕೂತಿರೋ ಪ್ರಶ್ನೆ ಒಂದಿದೆ. ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಲ್ಯಾಟರಲ್ ಎಂಟ್ರಿಯಲ್ಲಿ (ನೇರ ಎರಡನೇ ವರ್ಷಕ್ಕೆ) ಬಿಇಗೆ ಹೋಗಿಬಿಡ್ತಾನಾ? ಅವರು ಕೇಳದಿದ್ದರೂ ನೀವೇ ಹೇಳಿ. ಹೋಗೋ ಯೋಚನೆ ಇಲ್ಲದಿದ್ದರೆ ಇಲ್ಲ ಅನ್ನಿ. ಇದ್ದರೆ ಮುಚ್ಚಿಡಬೇಡಿ, ಸಂಜೆ ಕಾಲೇಜಿನ ಮಾತಾಗಿದ್ದರೆ ಹಾಗಂತಲೇ ಹೇಳಿ.

ಕನ್ಸಲ್ಟೆನ್ಸಿಯವರು ರಿಜಿಸ್ಟ್ರೇಶನ್, ಯೂನಿಫಾರ್ಮ್, ಟ್ರೇನಿಂಗ್ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ನಿಜವಾದ ಕನ್ಸಲ್ಟೆನ್ಸಿಗೆ ದುಡ್ಡು ಕೊಡೋದು ಕಂಪನಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಬಹುದು, ಜೆರಾಕ್ಸ್ ಕೊಡಬಹುದು. ಒರಿಜಿನಲ್ ಬಿಟ್ಟು ಬರಬೇಡಿ.

ಅಪ್ರೆಂಟಿಸ್ ದಾರಿಯೂ ಇದೆ. ಡಿಪ್ಲೊಮಾದವರಿಗೆ ನ್ಯಾಟ್ಸ್ (ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆ) ಪೋರ್ಟಲ್, ಒಂದು ವರ್ಷದ ತರಬೇತಿ, ಸ್ಟೈಪೆಂಡ್ ಸಿಗುತ್ತೆ, ದೊಡ್ಡ ಕಂಪನಿಗಳ ಒಳಗೆ ಹೋಗೋಕೆ ಅದೇ ಸುಲಭದ ಬಾಗಿಲು. ಆದರೆ ಒಂದು ವರ್ಷ ಕೆಲಸದ ಅನುಭವ ಆದವರನ್ನ ಅದಕ್ಕೆ ತಗೊಳಲ್ಲ. ನಿಮಗೆ 10 ತಿಂಗಳಾಗಿದೆ, ಬೇಗ ತೀರ್ಮಾನ ಮಾಡಿ.

ಲೀಸ್ಟ್‌ಕೌಂಟ್

ಪ್ರಾಕ್ಟಿಕಲ್‌ಗೆ ಬರ್ತೀನಿ. ಇದನ್ನ ಉದ್ದವಾಗೇ ಬರೀಬೇಕು.

ಮೇಜಿನ ಮೇಲೆ ಒಂದು ಜಾಬ್, ಒಂದು ಡ್ರಾಯಿಂಗ್, ಎರಡು ಮೂರು ಉಪಕರಣ, ಒಂದು ಖಾಲಿ ರಿಪೋರ್ಟ್ ಇರುತ್ತೆ. "ಚೆಕ್ ಮಾಡಿ" ಅಂತಾರೆ. ಬಹಳ ಜನ ತಕ್ಷಣ ವರ್ನಿಯರ್‌ಗೆ ಕೈ ಹಾಕ್ತಾರೆ, ಅಲ್ಲೇ ಅರ್ಧ ಅಂಕ ಹೋಯ್ತು. ಅವರು ರೀಡಿಂಗ್‌ಗಿಂತ ಮೊದಲು ನಿಮ್ಮ ಕೈ ಯಾವ ಕ್ರಮದಲ್ಲಿ ಓಡುತ್ತೆ ಅಂತ ನೋಡ್ತಾರೆ.

ಮೊದಲು ಡ್ರಾಯಿಂಗ್. ಟೈಟಲ್ ಬ್ಲಾಕ್‌ನಲ್ಲಿ ಪಾರ್ಟ್ ನಂಬರು, ರಿವಿಷನ್, ಮೆಟೀರಿಯಲ್, ಪ್ರೊಜೆಕ್ಷನ್ ಚಿಹ್ನೆ (ಯಾವ ವ್ಯೂ ಎಲ್ಲಿ ಬರುತ್ತೆ ಅನ್ನೋ ಗುರುತು), ಜನರಲ್ ಟಾಲರೆನ್ಸ್. ನಮ್ಮಲ್ಲಿ ಫಸ್ಟ್ ಆ್ಯಂಗಲ್ ರೂಢಿ, ಟಾಪ್ ವ್ಯೂ ಕೆಳಗೆ ಬರುತ್ತೆ. ಅಮೆರಿಕದ ಗ್ರಾಹಕರ ಡ್ರಾಯಿಂಗ್ ಥರ್ಡ್ ಆ್ಯಂಗಲ್, ಟಾಪ್ ವ್ಯೂ ಮೇಲೆ. ಇದು ತಪ್ಪಿದರೆ ಎಡಗಡೆ ಇರಬೇಕಾದ ಸ್ಲಾಟ್ ಬಲಗಡೆ ಇದ್ದರೂ ಓಕೆ ಅಂತ ಬರೆದುಬಿಡ್ತೀರಿ. ಟಾಲರೆನ್ಸ್ ಬರೆಯದ ಅಳತೆಗಳಿಗೆ "ಐಎಸ್‌ಒ 2768 ಮೀಡಿಯಂ" ಅಂತಿದ್ದರೆ 6ರ ಮೇಲೆ 30ರವರೆಗೆ ±0.2, 30ರ ಮೇಲೆ 120ರವರೆಗೆ ±0.3. ಈ ಎರಡು ಸಾಲು ಬಾಯಿಪಾಠ ಇರಲಿ.

ಆಮೇಲೆ ಜಾಬ್. ಬಟ್ಟೆಯಲ್ಲಿ ಒರೆಸಿ. ಅಂಚಿನ ಮೇಲೆ ಬರ್ (ಕಟಿಂಗ್‌ನಲ್ಲಿ ಉಳಿದ ಚೂಪು ಅಂಚು) ಇದೆಯಾ ನೋಡಿ. ಬರ್ ಮೇಲೆ ಕೂತ ವರ್ನಿಯರ್ ಉದ್ದವನ್ನ ಜಾಸ್ತಿ ತೋರಿಸುತ್ತೆ. ಈಗ ತಾನೇ ಮಶಿನ್‌ನಿಂದ ಬಂದು ಬಿಸಿಯಿದ್ದರೆ ತಣ್ಣಗಾಗಲಿ ಅಂತ ಹೇಳಿ. 50 ಮಿ.ಮೀ. ಉಕ್ಕಿನ ಜಾಬ್ 30 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಸುಮಾರು 17 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 0.001 ಮಿ.ಮೀ.) ದಪ್ಪ ಕಾಣುತ್ತೆ. ಬಿಗಿ ಟಾಲರೆನ್ಸ್ ಜಾಬ್‌ನಲ್ಲಿ ಅಷ್ಟು ಸಾಕು, ಒಳ್ಳೇದು ರಿಜೆಕ್ಟ್ ಆಗೋಕೆ, ಕೆಟ್ಟದ್ದು ಪಾಸ್ ಆಗೋಕೆ.

ಉಪಕರಣ ಹಿಡಿದಾಗ ಮೊದಲು ಕ್ಯಾಲಿಬ್ರೇಶನ್ ಸ್ಟಿಕ್ಕರ್ ನೋಡಿ. ಡ್ಯೂ ಡೇಟ್ ದಾಟಿದ ಮೈಕ್ರೋಮೀಟರನ್ನ ಬೇಕಂತಲೇ ಇಡೋರಿದ್ದಾರೆ. "ಸರ್, ಇದರ ಡೇಟ್ ಮುಗಿದಿದೆ, ಬೇರೆ ಇದೆಯಾ?" ಅಂತ ಕೇಳಿದವರು ಎದ್ದು ಕಾಣ್ತಾರೆ. ಆಮೇಲೆ ಜೀರೋ. 0–25 ಆದರೆ ಮುಖ ಮುಚ್ಚಿ, 25–50 ಆದರೆ ಜೊತೆಗಿರುವ 25ರ ಸೆಟ್ಟಿಂಗ್ ಪೀಸ್ ಇಟ್ಟು. ಮುಚ್ಚಿದಾಗ +0.02 ತೋರಿಸಿದರೆ ಪ್ರತಿ ರೀಡಿಂಗ್‌ನಿಂದ 0.02 ಕಳೀಬೇಕು. ಕೂಡಿಸಿಬಿಡೋದು ಸಾಮಾನ್ಯ ತಪ್ಪು.

ಯಾವ ಅಳತೆಗೆ ಯಾವ ಉಪಕರಣ? ಹತ್ತಕ್ಕೊಂದು ಅನ್ನೋ ಲೆಕ್ಕ. ಒಟ್ಟು ಟಾಲರೆನ್ಸ್‌ನ ಹತ್ತನೇ ಒಂದು ಭಾಗದಷ್ಟಾದರೂ ಸೂಕ್ಷ್ಮವಾಗಿ ಓದಬೇಕು. 25 ±0.1 ಅಂದರೆ ಒಟ್ಟು 0.2, ಹಾಗಾಗಿ 0.02ರ ವರ್ನಿಯರ್ ಸಾಕು. 25 ಎಚ್6 ಶಾಫ್ಟ್ (ಎಚ್6 ಟಾಲರೆನ್ಸ್ ಕೋಡ್, ಸಣ್ಣ ಅಕ್ಷರದ್ದು) ಅಂದರೆ 25.000ರಿಂದ 24.987, ಬರೀ 13 ಮೈಕ್ರಾನ್. ಅಲ್ಲಿ 0.01 ಮೈಕ್ರೋಮೀಟರ್ ಕೂಡ ಸಾಲಲ್ಲ, 0.001 ಬೇಕು. ಮೇಜಿನ ಮೇಲೆ ಅದು ಇಲ್ಲದಿದ್ದರೆ ಇಲ್ಲ ಅಂತ ಹೇಳಿ, ಇರೋದರಲ್ಲಿ ಅಳೆದು, ರಿಪೋರ್ಟಿನಲ್ಲಿ ಉಪಕರಣದ ಹೆಸರು ಬರೀರಿ.

ಬೋರ್ (ಜಾಬ್‌ನ ಒಳ ತೂತು) ಅಳೆಯೋದು ಬಂದಾಗ ಕೈ ತಾನಾಗೇ ವರ್ನಿಯರ್‌ನ ಮೇಲಿನ ಕಿವಿಗಳ ಕಡೆ ಹೋಗುತ್ತೆ. ಆ ಅಂಚುಗಳಿಗೂ ಸ್ವಲ್ಪ ದಪ್ಪ ಇರೋದರಿಂದ ಸಣ್ಣ ಬೋರ್‌ನಲ್ಲಿ ಅಳತೆ ಕಡಿಮೆ ಬರುತ್ತೆ. 25 ಎಚ್7 ಬೋರ್ (ದೊಡ್ಡ ಅಕ್ಷರದ್ದು) 25.000ರಿಂದ 25.021. ಇದಕ್ಕೆ ಬೋರ್ ಡಯಲ್ ಅಥವಾ ಪ್ಲಗ್ ಗೇಜ್. ಬೋರ್ ಡಯಲನ್ನ ರಿಂಗ್‌ನಲ್ಲೋ ಮೈಕ್ರೋಮೀಟರ್‌ನಲ್ಲೋ ಸೆಟ್ ಮಾಡಿ, ಬೋರ್‌ನಲ್ಲಿ ಹಿಂದೆ ಮುಂದೆ ತೂಗಿ, ಮುಳ್ಳು ವಾಪಸ್ ತಿರುಗೋ ಜಾಗದ ರೀಡಿಂಗ್ ತಗೋಬೇಕು. ಪ್ಲಗ್ ಗೇಜ್‌ನಲ್ಲಿ ಉದ್ದ ಇರೋದು ಗೋ, ಗಿಡ್ಡ ಇದ್ದು ಕೆಂಪು ಗುರುತು ಇರೋದು ನೋಗೋ. ಗೋ ತನ್ನ ಭಾರಕ್ಕೆ ತಾನೇ ಇಳೀಬೇಕು. ತಿರುಗಿಸಿ, ಒತ್ತಿ ಹಾಕಿದರೆ ನೋಗೋ ಕೂಡ ಹೋಗುತ್ತೆ, ಗೇಜೂ ಸವೆಯುತ್ತೆ.

ಮೈಕ್ರೋಮೀಟರ್ ಓದುವಾಗ ಅತಿ ಹೆಚ್ಚು ಜನ ಬೀಳೋ ಗುಂಡಿ ಅರ್ಧ ಮಿಲಿಮೀಟರ್ ಗೆರೆ. ಸ್ಲೀವ್ ಮೇಲೆ 12 ಕಂಡು, ಅದರಾಚೆ ಅರ್ಧದ ಗೆರೆಯೂ ಕಂಡು, ಥಿಂಬಲ್ 28ರಲ್ಲಿದ್ದರೆ ಅದು 12.78. ಆ ಗೆರೆ ನೋಡದವರು 12.28 ಅಂತಾರೆ. ಇದಕ್ಕೆ ಉಪಾಯ ಸುಲಭ: ಮೊದಲು ವರ್ನಿಯರ್‌ನಲ್ಲಿ ಅಂದಾಜು ನೋಡಿಕೊಂಡು ಆಮೇಲೆ ಮೈಕ್ರೋಮೀಟರ್ ಹಿಡೀರಿ. ಥಿಂಬಲ್ ತಿರುಗಿಸಿ ಬಿಗಿ ಮಾಡಬೇಡಿ, ರ‍್ಯಾಚೆಟ್‌ನಲ್ಲಿ ಎರಡು ಮೂರು ಸಲ ಟಿಕ್ ಅನ್ನಿಸಿ. ಜಾಬ್ ಹಿಡಿದ ಸದ್ದು ಕೇಳಿಯೇ ಅವರಿಗೆ ಗೊತ್ತಾಗುತ್ತೆ, ಈ ಕೈ ಪಳಗಿದೆಯೋ ಇಲ್ಲವೋ ಅಂತ.

ಶಾಫ್ಟ್ ಆದರೆ ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ. ಎರಡು ತುದಿ, ನಡು. ಪ್ರತಿ ಜಾಗದಲ್ಲಿ 90 ಡಿಗ್ರಿ ತಿರುಗಿಸಿ ಇನ್ನೊಮ್ಮೆ. ಹೀಗೆ ಆರು ರೀಡಿಂಗ್‌ನಲ್ಲಿ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಮತ್ತು ಓವಾಲಿಟಿ (ಮೊಟ್ಟೆಯಾಕಾರ) ಎರಡೂ ಸಿಗುತ್ತೆ. ಮೂರು ಕಡೆ ಉಬ್ಬಿರುವ ಶಾಫ್ಟ್ (ಮೂರು ದವಡೆಯ ಚಕ್‌ನಲ್ಲಿ ಜೋರಾಗಿ ಹಿಡಿದರೆ ಆಗುತ್ತೆ) ಮೈಕ್ರೋಮೀಟರ್‌ಗೆ ದುಂಡಗೇ ಕಾಣುತ್ತೆ. ಅದಕ್ಕೆ ವಿ ಬ್ಲಾಕ್ ಮೇಲಿಟ್ಟು ಡಯಲ್ ಹಾಕಿ ತಿರುಗಿಸಬೇಕು. ಇಷ್ಟು ಹೇಳಿದರೆ ಎದುರಿಗಿರೋರು ಕುರ್ಚಿ ಮುಂದಕ್ಕೆ ಎಳ್ಕೊಳ್ತಾರೆ.

ಕೊನೆಗೆ ರಿಪೋರ್ಟ್. "ಓಕೆ, ಓಕೆ, ಓಕೆ" ಅಂತ ಬರೀಬೇಡಿ, ಬಂದ ಅಳತೆ ಬರೀರಿ. 24.98 ಬಂದದ್ದನ್ನ 25 ಮಾಡಬೇಡಿ. ಎಲ್ಲಾ ರೀಡಿಂಗ್ ಸರಿಯಾಗಿ ನಡುಮಧ್ಯೆ ಬಂದಿರೋ ರಿಪೋರ್ಟ್ ನೋಡಿದರೆ ಮೇಜಲ್ಲೇ ಕೂತು ಬರೆದದ್ದು ಅಂತ ಯಾರಿಗಾದರೂ ಅನುಮಾನ ಬರುತ್ತೆ. ಲಿಮಿಟ್ ಅಂಚಿನಲ್ಲಿದ್ದರೆ ಒರೆಸಿ, ಮೂರು ಸಲ ಅಳೆದು, ಅಂಚಿನಲ್ಲಿದೆ ಅಂತ ಬಾಯಿಬಿಟ್ಟು ಹೇಳಿ.

ಕೊಟ್ಟ ಜಾಬ್ ಬಹಳ ಸಲ ರಿಜೆಕ್ಟ್ ಪೀಸೇ ಆಗಿರುತ್ತೆ. "ಇದು ಅಂಡರ್‌ಸೈಜ್, ಈಗೇನು ಮಾಡ್ತೀರಿ?" ಅಂತ ಕೇಳ್ತಾರೆ. "ರಿಜೆಕ್ಟ್ ಮಾಡ್ತೀನಿ" ಅಂದರೆ ಅರ್ಧ ಉತ್ತರ. ಮಶಿನ್ ನಿಲ್ಲಿಸಲು ಹೇಳ್ತೀನಿ, ಪೀಸಿಗೆ ಟ್ಯಾಗ್ ಹಾಕಿ ಕೆಂಪು ಬಿನ್‌ಗೆ ಹಾಕ್ತೀನಿ, ಸೆಟ್ಟರ್‌ಗೂ ಸೂಪರ್‌ವೈಸರ್‌ಗೂ ತಿಳಿಸ್ತೀನಿ, ಹಿಂದಿನ ಓಕೆ ರೀಡಿಂಗ್ ಇದ್ದ ಪೀಸಿನವರೆಗೆ ಹಿಂದಕ್ಕೆ ಹೋಗಿ ಎಲ್ಲ ಪೀಸ್ ಚೆಕ್ ಮಾಡ್ತೀನಿ. ಈ ಕೊನೆಯ ಮಾತು ಹೇಳೋರು ಹತ್ತಕ್ಕೆ ಒಬ್ಬರು ಸಿಕ್ಕರೆ ಪುಣ್ಯ. ಗಂಟೆಗೊಮ್ಮೆ ಚೆಕ್ ಮಾಡೋದರ ಅರ್ಥವೇ ಅದು: ತಪ್ಪು ಸಿಕ್ಕಾಗ ಅನುಮಾನ ಒಂದು ಗಂಟೆಯ ಮಾಲಿಗೆ ಮಾತ್ರ ಸೀಮಿತ ಆಗಲಿ ಅಂತ.

ಗೋಕುಲ್‌ರೋಡ್

ಭಾಳ ಉಪಕಾರ ಆತ್ರಿ. ಅರ್ಧ ಮಿಲಿಮೀಟರ್ ಗೆರಿ, ಜೀರೋ, ಡ್ಯೂ ಡೇಟ್, ಎಲ್ಲಾ ಬರಕೊಂಡೆ. ಇನ್ನೆರಡು ಕೇಳ್ತೀನಿ. "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದಕೂಡ್ಲೆ ಇಂಗ್ಲಿಷ್ ನಿಂತ ಹೋಗ್ತೈತಿ, ಅದಕ್ಕೇನು ಮಾಡ್ಲಿ? ಮತ್ತ ಸಂಬಳ ಎಷ್ಟು ಕೇಳ್ಬೇಕು, ಸಿಟಿಸಿ ಅಂತಾರಲ್ಲ ಅದರಾಗ ಕೈಗೆ ಎಷ್ಟು ಬರ್ತೈತಿ?

ಬೈಕಂಪಾಡಿ

ಇಂಗ್ಲಿಷಿಗೆ ಇಷ್ಟು ಹೆದರಬೇಡಿ ಮಾರಾಯ್ರೆ. ಶಾಪ್ ಫ್ಲೋರಿನಲ್ಲಿ ಮಾತು ಕನ್ನಡವೋ ಹಿಂದಿಯೋ ಆಗ್ತದೆ, ಕೆಲವು ಕಡೆ ತಮಿಳು, ತೆಲುಗು. ಮಾತಿಗಿಂತ ಇಂಗ್ಲಿಷ್ ಬೇಕಾಗುವುದು ಬರವಣಿಗೆಗೆ. ರಿಪೋರ್ಟಿನಲ್ಲಿ ದೋಷದ ಹೆಸರು ಸ್ಪೆಲ್ಲಿಂಗ್ ತಪ್ಪದೆ ಬರೆಯಲು ಬಂದರೆ ಸಾಕು: ಬರ್, ಡೆಂಟ್, ಸ್ಕ್ರ್ಯಾಚ್, ರಸ್ಟ್, ಚ್ಯಾಟರ್ ಮಾರ್ಕ್, ಟೂಲ್ ಮಾರ್ಕ್, ಟೇಪರ್, ಓವಾಲಿಟಿ, ಓವರ್‌ಸೈಜ್, ಅಂಡರ್‌ಸೈಜ್, ಥ್ರೆಡ್ ಡ್ಯಾಮೇಜ್. ಇವನ್ನು ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಹತ್ತು ಸಲ ಬರೆಯಿರಿ.

"ನಿಮ್ಮ ಬಗ್ಗೆ ಹೇಳಿ" ಅಂದಾಗ ಅಪ್ಪ ಅಮ್ಮ, ಊರು, ಎಸ್ಸೆಸ್ಸೆಲ್ಸಿ ಪರ್ಸೆಂಟೇಜಿನಿಂದ ಶುರು ಮಾಡಬೇಡಿ. ಅವರ ಕೈಯಲ್ಲಿ ರೆಸ್ಯೂಮೆ ಉಂಟಲ್ಲ. ಐದು ವಾಕ್ಯ, ಮುಕ್ಕಾಲು ನಿಮಿಷ. ಈಗ ಯಾವ ಕೆಲಸ, ಯಾವ ಜಾಬ್, ಯಾವ ಉಪಕರಣ, ಬರೆಯುವ ರಿಪೋರ್ಟ್ ಯಾವುದು, ಇಲ್ಲಿಗೆ ಯಾಕೆ. ಇಷ್ಟನ್ನು ಇಂಗ್ಲಿಷಿನಲ್ಲಿ ಬರೆದು ಬಾಯಿಗೆ ಕೂರಿಸಿಕೊಳ್ಳಿ, ಮುಂದಿನ ಪ್ರಶ್ನೆಗೆ "ಸರ್, ಕನ್ನಡದಲ್ಲಿ ಹೇಳಲಾ?" ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ತಡವರಿಸುತ್ತಾ ತಪ್ಪು ಉತ್ತರ ಕೊಡುವುದಕ್ಕಿಂತ ಕನ್ನಡದಲ್ಲಿ ಸರಿಯಾಗಿ ಹೇಳುವುದು ಮೇಲು. ದೊಡ್ಡ ಕಂಪನಿಯಲ್ಲಿ ಗ್ರಾಹಕರ ಆಡಿಟ್ ಎದುರಿಸುವ ಹುದ್ದೆಯಾದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಇಂಗ್ಲಿಷ್ ಮಾತು ಬೇಕೇ ಬೇಕು.

ಈಗಿನ ಕೆಲಸ ಯಾಕೆ ಬಿಡ್ತೀರಿ ಅಂದರೆ ಹಳೆಯ ಮಾಲೀಕರನ್ನು ಬೈಯಬೇಡಿ. "ಅಲ್ಲಿ ಟರ್ನಿಂಗ್ ಮಾತ್ರ ಉಂಟು, ಮಿಲ್ಲಿಂಗ್ ಜಾಬ್, ಜಿಡಿ ಆ್ಯಂಡ್ ಟಿ (ಆಕಾರ, ಸ್ಥಾನದ ಟಾಲರೆನ್ಸ್ ಚಿಹ್ನೆಗಳು) ಕಲಿಯಬೇಕು" ಅಂದರೆ ಸಾಕು. ಆದರೆ ಹಾಗಂದ ಮೇಲೆ ಪೊಸಿಷನ್, ಪರ್ಪೆಂಡಿಕ್ಯುಲಾರಿಟಿ, ರನ್‌ಔಟ್ ಚಿಹ್ನೆಯಾದರೂ ಗುರುತಿಸಲು ಬರಬೇಕು, ಡೇಟಮ್ ಅಂದರೆ ಏನು ಅಂತ ಗೊತ್ತಿರಬೇಕು.

ಗೇಟ್‌ಪಾಸ್

ಸಂಬಳದ ಲೆಕ್ಕ. ಉದಾಹರಣೆಗೆ ತಿಂಗಳ ಗ್ರಾಸ್ 18,000, ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 14,000 ಅಂತಿಟ್ಕೊಳ್ಳಿ. ನಿಮ್ಮ ಕಡೆಯಿಂದ ಪಿಎಫ್ 12% ಅಂದರೆ 1,680, ಇಎಸ್‌ಐ ಗ್ರಾಸ್ ಮೇಲೆ 0.75% ಅಂದರೆ 135. ಕೈಗೆ ಬರೋದು 16,185. ಕಂಪನಿ ತನ್ನ ಕಡೆಯಿಂದ ಪಿಎಫ್ 1,680, ಇಎಸ್‌ಐ 3.25% ಅಂದರೆ 585 ಕಟ್ಟುತ್ತೆ; ಅದನ್ನೂ ಸೇರಿಸಿ ಸಿಟಿಸಿ (ನಿಮಗಾಗಿ ಕಂಪನಿಯ ಒಟ್ಟು ಖರ್ಚು) 20,265 ಅಂತ ಹೇಳ್ತಾರೆ. ಒಂದೇ ಕೆಲಸ, 20 ಸಾವಿರ ಅಂತ ಕೇಳಿ 16 ಸಾವಿರ ಎಣಿಸಿದಾಗ ಮೋಸ ಅನ್ನಿಸುತ್ತೆ, ಆದರೆ ಲೆಕ್ಕ ಇದೇ. ಹಾಗಾಗಿ ಎಷ್ಟು ಬೇಕು ಅಂದಾಗ ಕೈಗೆ ಬರುವ ಮೊತ್ತ ಹೇಳಿ, "ಇನ್‌ಹ್ಯಾಂಡ್" ಅಂತ ಒತ್ತಿ ಹೇಳಿ. ತಿಂಗಳ ಸಂಬಳ 25,000ದೊಳಗಿದ್ದರೆ ಪ್ರೊಫೆಷನಲ್ ಟ್ಯಾಕ್ಸ್ ಇಲ್ಲ.

ಕೇಳಬೇಕಾದ್ದು ಇನ್ನೂ ಇದೆ: ಶಿಫ್ಟ್ 8 ಗಂಟೆಯೋ 12 ಗಂಟೆಯೋ, ಓಟಿ ದರ ಎಷ್ಟು (ಕಾನೂನು ಪ್ರಕಾರ ಎರಡು ಪಟ್ಟು), ಕ್ಯಾಂಟೀನ್, ಬಸ್ ಇದೆಯಾ. ಇದನ್ನೆಲ್ಲ ಪ್ರಾಕ್ಟಿಕಲ್ ಮುಗಿದು ಅವರೇ ಸಂಬಳದ ಮಾತೆತ್ತಿದ ಮೇಲೆ ಕೇಳಿ, ಮೊದಲ ಫೋನಿನಲ್ಲೇ ಬೇಡ.

ರೆಸ್ಯೂಮೆಯಲ್ಲಿ ಸೇರಿದ, ಬಿಟ್ಟ ತಿಂಗಳು ಕರೆಕ್ಟಾಗಿರಲಿ. ದೊಡ್ಡ ಕಂಪನಿಗಳು ಯುಎಎನ್‌ (ಪಿಎಫ್ ಖಾತೆ ನಂಬರ್) ಅಡಿಯಲ್ಲಿರೋ ಸರ್ವಿಸ್ ಹಿಸ್ಟರಿ ಜೊತೆ ತಾಳೆ ನೋಡ್ತಾರೆ, ಎರಡು ತಿಂಗಳು ಜಾಸ್ತಿ ಬರೆದಿದ್ದರೂ ಸಿಕ್ಕಿಬೀಳ್ತೀರಿ. ಈಗಿನ ಶಾಪ್‌ನಲ್ಲಿ ಪಿಎಫ್ ಇಲ್ಲದಿದ್ದರೆ ಲೆಟರ್‌ಹೆಡ್ ಮೇಲೆ ಅನುಭವ ಪತ್ರ, ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಕೊಳ್ಳಿ. ಹೇಳದೆ ಕೇಳದೆ ಬಿಟ್ಟು ಬಂದರೆ ಆ ಪತ್ರ ಸಿಗಲ್ಲ.

ಲೀಸ್ಟ್‌ಕೌಂಟ್

ಬಾಯಿಪ್ರಶ್ನೆಗೆ ಮೂರು ಲೆಕ್ಕ ಇಟ್ಕೊಂಡಿರಿ. ಆರ್‌ಪಿಎಂ: ಕಟಿಂಗ್ ಸ್ಪೀಡ್ ಗುಣಿಸು 1000, ಅದನ್ನ (3.14 ಗುಣಿಸು ವ್ಯಾಸ)ದಿಂದ ಭಾಗಿಸು. ನಿಮಿಷಕ್ಕೆ 150 ಮೀಟರ್, 50 ಮಿ.ಮೀ. ವ್ಯಾಸ ಅಂದರೆ 955. ಟ್ಯಾಪ್ ಹೊಡೆಯೋ ಮೊದಲಿನ ಡ್ರಿಲ್: ವ್ಯಾಸದಿಂದ ಪಿಚ್ ಕಳೀರಿ, ಎಂ10ಕ್ಕೆ 8.5, ಎಂ8ಕ್ಕೆ 6.8. ವರ್ನಿಯರ್ ಲೀಸ್ಟ್ ಕೌಂಟ್ 0.02 ಹೇಗೆ ಬಂತು: ಮೇನ್ ಸ್ಕೇಲಿನ 49 ಮಿ.ಮೀ.ಯನ್ನ ವರ್ನಿಯರ್‌ನಲ್ಲಿ 50 ಭಾಗ ಮಾಡಿದೆ, ಒಂದೊಂದು 0.98, ವ್ಯತ್ಯಾಸ 0.02. ಕೊನೆಯದನ್ನ ಬಾಯಿಪಾಠ ಹೇಳೋರಿಗೆ ಪೇಪರ್ ಕೊಟ್ಟು ಬಿಡಿಸಿ ತೋರಿಸು ಅಂತಾರೆ.

ಗೋಕುಲ್‌ರೋಡ್

ರೆಸ್ಯೂಮೆ ಒಂದ ಪುಟಕ್ಕ ತಂದೀನಿ. ಅನುಭವದ ಭಾಗ ಹಿಂಗ ಬರದೀನಿ, ನೋಡಿ ಹೇಳ್ರಿ:

"ಟರ್ನಿಂಗ್ ಜಾಬ್‌ಗಳ ಫಸ್ಟ್ ಪೀಸ್ ಮತ್ತು ಗಂಟೆಗೊಮ್ಮೆ ಪರಿಶೀಲನೆ, 3 ಮಶಿನ್. ಶಾಫ್ಟ್, ಬುಷ್, ವ್ಯಾಸ 16ರಿಂದ 45. ಔಟ್‌ಸೈಡ್ ಮೈಕ್ರೋಮೀಟರ್ 0–25, 25–50, 0.01. ಬೋರ್ ಡಯಲ್ 18–35, ಲೀಸ್ಟ್ ಕೌಂಟ್ 0.01; 25 ಎಚ್7 ಬೋರ್ ಪರಿಶೀಲನೆ."

ಇನ್‌ವರ್ಡ್ ಮೇಜು

ಚೆನ್ನಾಗಿ ಬಂದಿದೆ. ಕೊನೆಯ ಸಾಲಿನಲ್ಲಿ ಮಾತ್ರ ಸಿಕ್ಕಿಕೊಳ್ತೀರಿ. 25 ಎಚ್7 ಒಟ್ಟು 21 ಮೈಕ್ರಾನ್, ನಿಮ್ಮ ಡಯಲ್ ಓದೋದು 10 ಮೈಕ್ರಾನ್. ಎರಡು ಗೆರೆಯ ಒಳಗೆ ಇಡೀ ಟಾಲರೆನ್ಸ್ ಮುಗಿದುಹೋಯ್ತು. "ಇದರಲ್ಲಿ ಎಚ್7 ಹೇಗೆ ಪಾಸ್ ಮಾಡ್ತಿದ್ರಿ?" ಅಂತ ಮೊದಲ ಪ್ರಶ್ನೆಯೇ ಅದು. ಆ ಬೋರ್ ಕೊನೆಗೆ ಓಕೆ ಮಾಡ್ತಿದ್ದದ್ದು ಯಾವುದರಲ್ಲಿ?

ಗೋಕುಲ್‌ರೋಡ್

ಪ್ಲಗ್ ಗೇಜ್‌ನಾಗ್ರಿ. ಡಯಲ್ ಹಾಕೂದು ಸೆಟ್ಟಿಂಗ್ ಟೈಮಿನಾಗ, ಬೋರ್ ಯಾಕಡೆ ಸರಿಯಾಕತ್ತೈತಿ ಅಂತ ನೋಡಾಕ ಅಷ್ಟ.

ಇನ್‌ವರ್ಡ್ ಮೇಜು

ಅದನ್ನೇ ಬರೀರಿ, ಇದೇ ಮಾತಿನಲ್ಲಿ. "ಸೆಟ್ಟಿಂಗ್ ವೇಳೆ ಬೋರ್ ಡಯಲ್, ಅಂತಿಮ ಪರಿಶೀಲನೆ 25 ಎಚ್7 ಪ್ಲಗ್ ಗೇಜ್." ಯಾವುದನ್ನ ಯಾಕೆ ಬಳಸ್ತೀರಿ ಅಂತ ಇಷ್ಟರಲ್ಲೇ ಗೊತ್ತಾಗುತ್ತೆ. ಮೈಕ್ರೋಮೀಟರ್ ಪಕ್ಕ ಮಿ.ಮೀ. ಅಂತ ಸೇರಿಸಿ, ಬಿಟ್ಟುಹೋಗಿದೆ.